ಬಟನ್ ಟೈರಿನ ಸದ್ದು, ಅಪ್ಪನ ಅಂಗೈ

ಬಟನ್ ಟೈರ್ ಹಾಕಿಸೋಣ ಎಂದು ಹಠ ಹಿಡಿದವಳು ನಾನೇ. ಹಾಗಾಗಿ ಆಮೇಲೆ ಆದದ್ದರಲ್ಲಿ ಅರ್ಧ ನನ್ನ ತಲೆಗೇ ಬರಬೇಕು.

ಇದು ಎಂಬತ್ತಾರನೇ ಇಸವಿಯ ಮಾತು. ನನಗಾಗ ಹತ್ತೊಂಬತ್ತು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ತಗಡು ಒತ್ತುವ ಪ್ರೆಸ್ ನಡೆಸಿ ಕಿವಿ ಕಳೆದುಕೊಂಡಿದ್ದರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯ ಹತ್ತಿರ ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತಿತ್ತು. ಕೆಲಸ ಬಿಟ್ಟ ಮೇಲೆ ಹಳೆಯ ಪಿಕಪ್ ಒಂದನ್ನು ಕೊಂಡು, ಬಸವೇಶ್ವರನಗರದ ಒಂದು ಗ್ರಿಲ್ ಶಾಪಿನಿಂದ ಕಿಟಕಿ ಗ್ರಿಲ್ಲುಗಳನ್ನು ಹೊಸ ಮನೆಗಳಿಗೆ ಸಾಗಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ನಾನು. ಹಿಂದಿನಿಂದ ಹಾರ್ನ್ ಕೇಳಿದರೆ ಅವರ ಭುಜ ತಟ್ಟುವುದು ನನ್ನ ಕೆಲಸ. ಮಿಕ್ಕ ಹೊತ್ತಿನಲ್ಲಿ, ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಮೋಟಾರ್ ಪುಸ್ತಕವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ.

ನಂದಿನಿ ಲೇಔಟ್ ಕಡೆ ಆಗ ಸೈಟುಕಲ್ಲುಗಳೇ ಹೆಚ್ಚು, ರಸ್ತೆ ಕಡಿಮೆ. ಮಳೆ ಬಂದರೆ ಪಿಕಪ್ ಹೂತುಹೋಗಿ, ಗ್ರಿಲ್ಲುಗಳನ್ನೆಲ್ಲ ಇಳಿಸಿ ತಳ್ಳಬೇಕಿತ್ತು. ಅದಕ್ಕೇ ಹಿಂದಿನ ಚಕ್ರಗಳಿಗೆ ದಪ್ಪ ರಬ್ಬರ್ ಗಟ್ಟಿಗಳಿರುವ ಈ ಬಟನ್ ಟೈರು ಹಾಕಿಸಿದೆ. ಕೆಸರನ್ನು ಅದು ಚೆನ್ನಾಗಿಯೇ ಕಚ್ಚಿತು. ಆದರೆ ಟಾರು ರಸ್ತೆಗೆ ಬಂದು ವೇಗ ಏರಿದರೆ ಸಾಕು, ಗುಂಯ್ ಎಂಬ ಸದ್ದು ಕ್ಯಾಬಿನ್ ತುಂಬಾ. ಅಪ್ಪನಿಗಂತೂ ಕೇಳಿಸುವುದಿಲ್ಲ ಎಂದು ನಾನು ಬಾಯಿ ಬಿಡಲಿಲ್ಲ.

ತಿಂಗಳಾದ ಮೇಲೆ ಆಯಿಲ್ ಬದಲಾಯಿಸಲು ವಿಜಯನಗರದ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಒಂದು ರೌಂಡ್ ಓಡಿಸಿಕೊಂಡು ಬಂದು ಮುಖ ಗಂಟಿಕ್ಕಿದ.

“ಯಜಮಾನ್ರೇ, ಹಿಂದೆ ಕ್ರೌನ್ ಹೋಗಿದೆ. ಹಿಂಗೇ ಓಡಿಸ್ತಿದ್ರೆ ಒಂದಿನ ನಡುರೋಡಲ್ಲಿ ಚಕ್ರ ಕಚ್ಕೊಳ್ಳುತ್ತೆ.”

ಕ್ರೌನ್ ಎಂದರೆ ಹಿಂದಿನ ಚಕ್ರಗಳ ನಡುವಿರುವ ದೊಡ್ಡ ಗೇರು. ಅಪ್ಪ ನನ್ನ ಕಡೆ ನೋಡಿದರು. ಮೆಕ್ಯಾನಿಕ್ಕೂ ನನ್ನ ಕಡೆ ತಿರುಗಿ ದನಿ ತಗ್ಗಿಸಿದ.

“ಇಷ್ಟು ಸದ್ದು ಕಿವಿಗೇ ಬಿದ್ದಿಲ್ಲ ಅಂದ್ರೆ ಹೆಂಗಮ್ಮ? ಗಾಡಿ ಮಾರಿಸ್ಬಿಡು. ಇವ್ರು ಇನ್ನು ಓಡಿಸ್ಬಾರ್ದು. ಗ್ರಿಲ್ ಶಾಪ್‌ನೋರಿಗೂ ಒಂದು ಮಾತು ಹಾಕ್ತೀನಿ, ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?”

ಅವನೇನೂ ಕೆಟ್ಟವನಲ್ಲ, ನಿಜಕ್ಕೂ ಹೆದರಿದ್ದ. ಆದರೆ ಪ್ರೆಸ್ ಶಾಪಿನವರು ತುಟಿ ನೋಡಿಯೇ ಮಾತು ತಿಳಿಯುವವರು. ಅಪ್ಪನಿಗೆ ಎಲ್ಲ ಗೊತ್ತಾಯಿತು. ಕೀ ಜೇಬಿಗೆ ಹಾಕಿಕೊಂಡರು, ಮತ್ತೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತರು. ಗ್ರಿಲ್ ಶಾಪಿನವರು ಬೇಡ ಎಂದುಬಿಟ್ಟರೆ ಅಪ್ಪ ಮನೆಯಲ್ಲಿ ಕೂರಬೇಕು, ಅಷ್ಟೆ.

“ಅಣ್ಣ, ಅದು ಕ್ರೌನ್ ಅಲ್ಲ, ಟೈರ್ ಸದ್ದು,” ಎಂದೆ.

“ಯಾವ ಗ್ಯಾರೇಜಲ್ಲಿ ಕಲ್ತೆ?”

“ಪುಸ್ತಕದಲ್ಲಿ.”

“ಪುಸ್ತಕಕ್ಕೆ ಕಿವಿ ಇರುತ್ತೇನಮ್ಮ?”

“ನಂಗಿದೆಯಲ್ಲ. ಒಂದು ರೌಂಡ್ ಬನ್ನಿ.”

ಮೂವರೂ ಮುಂದೆಯೇ ಒತ್ತಿಕೊಂಡು ಕೂತೆವು. ಮಾಗಡಿ ರಸ್ತೆಯಲ್ಲಿ ನಲವತ್ತು ದಾಟುತ್ತಲೇ ಗುಂಯ್ ಶುರುವಾಯಿತು. ನಾನು ಸನ್ನೆ ಮಾಡಿದೆ, ಅಪ್ಪ ನ್ಯೂಟ್ರಲ್‌ಗೆ ತಂದರು. ಎಂಜಿನ್ನಿನ ಎಳೆತ ತಪ್ಪಿದರೆ ಕ್ರೌನಿನ ಸದ್ದು ಬದಲಾಗಬೇಕು, ಇದು ಒಂದಿಷ್ಟೂ ಬದಲಾಗಲಿಲ್ಲ. ಹೆಗ್ಗನಹಳ್ಳಿ ಕಡೆಯ ಮಣ್ಣುದಾರಿಗೆ ತಿರುಗಿದೆವು. ಸದ್ದು ನಿಂತೇಹೋಯಿತು. ನಾನು ಗೆದ್ದವಳಂತೆ ನೋಡಿದೆ.

“ಮಣ್ಣಲ್ಲಿ ಇಷ್ಟು ನಿಧಾನ ಹೋದ್ರೆ ಯಾವ ಸದ್ದು ತಾನೇ ಕೇಳುತ್ತೆ?” ಎಂದ ಮೆಕ್ಯಾನಿಕ್.



ಮತ್ತೆ ಟಾರು ರಸ್ತೆಗೆ ಬಂದಾಗ ಅಪ್ಪ ಮೆಕ್ಯಾನಿಕ್‌ನ ಕೈ ಹಿಡಿದು ಗೇರ್ ಲಿವರಿನ ಮೇಲೆ ಇಟ್ಟರು. ತಮ್ಮ ದನಿ ತಮಗೇ ಕೇಳದ ಅಪ್ಪ ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದರು.

“ಪ್ರೆಸ್ಸಿನ ಮೈ ಮುಟ್ಟೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಿದ್ದೋನು ನಾನು. ಕ್ರೌನ್ ಹೋಗಿದ್ರೆ ಶಾಫ್ಟ್ ಹಿಡ್ಕೊಂಡು ಬಂದು ಇಲ್ಲಿ ಜುಮ್ ಅನ್ಬೇಕು. ಅಂತಿದೆಯಾ?”

“ಇಲ್ಲ.”

“ಈಗ ಸೀಟಿನ ಮೇಲೆ ಇಡಿ.”

ಇಟ್ಟ. “ಸೀಟು ನಡುಗ್ತಿದೆ.”

“ಅದು ಟೈರು. ಹಾಕಿಸಿದ ದಿನದಿಂದ ಹಿಂಗೇ ಇದೆ. ಇವಳು ಇಷ್ಟಪಟ್ಟು ಹಾಕ್ಸಿದ್ದು, ಬೇಜಾರಾಗ್ತಾಳೆ ಅಂತ ಹೇಳ್ಲಿಲ್ಲ.”

ಒಂದು ತಿಂಗಳು ನಾನು ಅಪ್ಪನಿಂದ ಮುಚ್ಚಿಟ್ಟ ಸದ್ದನ್ನು ಅಪ್ಪ ನನ್ನಿಂದ ಮುಚ್ಚಿಟ್ಟಿದ್ದರು. 

ಮೆಕ್ಯಾನಿಕ್ ಅಷ್ಟಕ್ಕೆ ಬಿಡುವವನಲ್ಲ. ನಮ್ಮ ತಾರಸಿಯ ಮೇಲೆ ಬಿದ್ದಿದ್ದ ಹಳೆಯ ಟೈರುಗಳನ್ನು ಇಳಿಸಿಕೊಂಡು ಹೋಗಿ ಹಾಕಿ ಓಡಿಸಿದ. ಗುಂಯ್ ಇಲ್ಲ.

“ಆಯಿಲ್ ಬದ್ಲಾಯಿಸಿದ್ನಲ್ಲ, ಅದಕ್ಕೂ ಸ್ವಲ್ಪ ಕಮ್ಮಿ ಆಗಿರುತ್ತೆ,” ಎಂದ. ಆದರೂ ಬಟನ್ ಟೈರುಗಳನ್ನು ತಾನೇ ಮತ್ತೆ ಹಾಕಿಕೊಟ್ಟ. ಗ್ರಿಲ್ ಶಾಪಿನವರಿಗೆ ಯಾವ ಮಾತೂ ಹಾಕಲಿಲ್ಲ. ಸೋಮವಾರ ಎಂದಿನಂತೆ ಲೋಡು ಹತ್ತಿಸಿದೆವು.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅದೇ ಮೆಕ್ಯಾನಿಕ್, ಕೈಯೆಲ್ಲ ಗ್ರೀಸು.

“ಸಾರ್‌ನ ಸ್ವಲ್ಪ ಕರೀತೀಯಾಮ್ಮ? ಒಂದು ಮೆಟಡೋರ್ ವ್ಯಾನ್ ಬಂದಿದೆ, ಏನೋ ಗುರುಗುಟ್ತಿದೆ. ಕೈ ಇಟ್ಟು ನೋಡ್ಬೇಕಿತ್ತು.”

ಯಜಮಾನರು ಸಾರ್ ಆಗಿದ್ದರು. ಅಪ್ಪ ಇಸ್ತ್ರಿ ಮಾಡಿದ ಷರಟು ಹುಡುಕಿ ಹಾಕಿಕೊಂಡರು. ಮೆಟ್ಟಿಲು ಇಳಿದವರು ಅರ್ಧದಲ್ಲೇ ನಿಂತು, ಬೀದಿಗೆಲ್ಲ ಕೇಳುವಂತೆ ನನ್ನನ್ನು ಕೂಗಿದರು.

“ನೀನೂ ಬಾರೇ. ಕಿವಿ ಬಿಟ್ಟು ಹೋದ್ರೆ ಹೆಂಗೆ?”