ಬೇರಿನ ಚಿತ್ರ ತಿದ್ದಿದವಳು

ಆ ಚಿತ್ರವನ್ನು ತಿದ್ದಿದವಳು ನಾನು. ನಸ್ರೀನ್ ಅಲ್ಲ. ಇದನ್ನು ಹೇಳಲು ಹನ್ನೊಂದು ವರ್ಷ ತೆಗೆದುಕೊಂಡೆ.

ಹೆಬ್ಬಾಳದ ಕಡೆಯ ಒಂದು ಪ್ರಯೋಗಾಲಯದಲ್ಲಿ ನಾವಿಬ್ಬರೂ ಪಿಎಚ್.ಡಿ. ಮಾಡುತ್ತಿದ್ದೆವು. ನಾನು ಕೋಗಿಲಿನಿಂದ ಬರುತ್ತಿದ್ದೆ, ಅವಳು ಆರ್.ಟಿ. ನಗರದಿಂದ. ರಾಗಿಯ ಬೇರಿನೊಳಗೆ ಬೆಳೆದು ಗಿಡಕ್ಕೆ ನೆರವಾಗುವ ಒಂದು ಶಿಲೀಂಧ್ರ ನಮ್ಮ ವಿಷಯ. ಬೇರನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕಿ ಕೊಡುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುವುದು ಅವಳದು. ಏನಾದರೂ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯುವವಳು.

ರಂಜಾನ್ ತಿಂಗಳು. ಉಪವಾಸ ಬಿಡಲು ಅವಳು ಬೇಗ ಮನೆಗೆ ಹೋಗಿದ್ದಳು. ಮರುದಿನ ನಮ್ಮ ಗೈಡ್ ಮೇಡಂ ಪ್ರಬಂಧವನ್ನು ಸಂಶೋಧನಾ ಪತ್ರಿಕೆಗೆ ಕಳಿಸಬೇಕಿತ್ತು. ಫೋಟೊದ ಮೇಲೆ ಬೇರಿನ ಭಾಗಗಳ ಹೆಸರು ಗುರುತಿಸಲೆಂದು ಅವಳ ಕಂಪ್ಯೂಟರಿನ ಮುಂದೆ ಕೂತೆ. ಶಿಲೀಂಧ್ರದ ಎಳೆಗಳು ಒಂದು ಮೂಲೆಯಲ್ಲಷ್ಟೇ ಇದ್ದವು. ಅಲ್ಲಿಂದ ಒಂದನ್ನು ಎತ್ತಿ ಇನ್ನೊಂದು ಕಡೆ ಇಟ್ಟೆ. ಸ್ವಲ್ಪ ತಿರುಗಿಸಿದೆ, ಅಂಚು ಮಸುಕು ಮಾಡಿದೆ. ಆಮೇಲೆ ಇನ್ನೊಂದು — ಹೆದರಿಕೆಯಾಗಲಿಲ್ಲ. ಖುಷಿಯಾಯಿತು. ಆ ಲ್ಯಾಬಿನಲ್ಲಿ ಹೊತ್ತು ಹೋದದ್ದು ತಿಳಿಯದೆ ಕೂತಿದ್ದು ಅದೇ ಮೊದಲು.

ಒಂದೇ ಎಳೆ ಎರಡು ಕಡೆ ಇರುವುದನ್ನು ಪ್ರಬಂಧ ಪರಿಶೀಲಿಸಿದವರು ಹಿಡಿದರು. ಮೇಡಂ ನಮ್ಮಿಬ್ಬರನ್ನೂ ಕರೆಸಿದರು.

"ನಾನ್ ಮುಟ್ಟಿಲ್ಲ ಮೇಡಂ," ಅಂದಳು ನಸ್ರೀನ್.

ಮೇಡಂ ನನ್ನ ಕಡೆ ತಿರುಗಿದರು. "ನಿನಗೇನಾದ್ರೂ ಗೊತ್ತೇನಮ್ಮ?"

"ಗೊತ್ತಿಲ್ಲ ಮೇಡಂ."

ಇಷ್ಟೇ. ಫೈಲು ಅವಳ ಹೆಸರಿನಲ್ಲಿತ್ತು, ಕಂಪ್ಯೂಟರ್ ಅವಳದು. ತಿಂಗಳೊಳಗೆ ಅವಳನ್ನು ಕಳಿಸಿಬಿಟ್ಟರು. ಅವಳು ಮೇಜು ಖಾಲಿ ಮಾಡುವಾಗ ನಾನು ಕ್ಯಾಂಟೀನಿನಲ್ಲಿದ್ದೆ — ಬೇಕೆಂದೇ.

ಆರು ತಿಂಗಳ ನಂತರ ನಾನೂ ಬಿಟ್ಟೆ. ಯಲಹಂಕದಲ್ಲಿ ಒಬ್ಬ ಹಿರಿಯರ ಬಳಿ ಮೈಸೂರು ಶೈಲಿಯ ಚಿತ್ರಕಲೆ ಕಲಿತೆ. ರೇಖೆಗೇ ಒಂದು ವರ್ಷ ಹಿಡಿಯಿತು. ಆಮೇಲೆ ಟ್ಯಾಬ್ಲೆಟ್ ಕೊಂಡೆ. ಈಗ ಬೇರು, ಜೀವಕೋಶಗಳನ್ನು ಅದರಲ್ಲಿ ಬರೆದು, ದಪ್ಪ ಕಾಗದದ ಮೇಲೆ ಮುದ್ರಿಸಿ, ಅದರ ಮೇಲೆ ಕೈಯಿಂದ ಚಿನ್ನದ ರೇಕು ಕೂರಿಸುತ್ತೇನೆ. ಜನ ಮೆಚ್ಚುತ್ತಾರೆ. ವಿಜ್ಞಾನ ಬಿಟ್ಟು ಕಲೆಗೆ ಹೇಗೆ ಬಂದಿರಿ ಎಂದು ಕೇಳುತ್ತಾರೆ. ಅಜ್ಜಿಯ ರಂಗೋಲಿ ನೋಡಿ ಬೆಳೆದೆ ಎನ್ನುತ್ತೇನೆ. ನಮ್ಮಜ್ಜಿಗೆ ಹೊಲ, ಹಸು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅವಳು ರಂಗೋಲಿ ಹಾಕಿದ್ದನ್ನು ನಾನು ಕಂಡಿಲ್ಲ. ನಿಜವಾದ ಉತ್ತರ — ಆ ಸಂಜೆ, ನಸ್ರೀನ್ ಇಲ್ಲದ ಅವಳ ಕುರ್ಚಿ.

ಕಳೆದ ತಿಂಗಳು ಜಕ್ಕೂರಿನಲ್ಲಿ ನನ್ನ ಚಿತ್ರಗಳ ಪ್ರದರ್ಶನವಿತ್ತು. ಅಲ್ಲೂ ಅಜ್ಜಿಯ ರಂಗೋಲಿಯ ಕತೆಯನ್ನೇ ಹೇಳಿದೆ. ಒಬ್ಬ ವಿದ್ಯಾರ್ಥಿನಿ ಬರೆದುಕೊಳ್ಳುತ್ತ, "ಅಜ್ಜಿ ಹೆಸರೇನು ಮೇಡಂ?" ಅಂದಳು. ಹೇಳಿದೆ. ಸುಳ್ಳಿಗೆ ಅಜ್ಜಿಯ ನಿಜವಾದ ಹೆಸರನ್ನೇ ಕೊಟ್ಟಿದ್ದೆ. ಅದನ್ನು ಅವಳು ದುಂಡಗೆ ಬರೆಯುವುದನ್ನು ನೋಡುತ್ತ ನಿಂತೆ.

ಮರುದಿನ ಆರ್.ಟಿ. ನಗರಕ್ಕೆ ಹೋದೆ. ನಸ್ರೀನ್ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಾಳೆ. ಬಾಗಿಲಲ್ಲೇ ನಿಂತು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಅವತ್ತೇ ಗೊತ್ತಿತ್ತು ಕಣೇ. ನೀನೇ ಹೇಳ್ತೀಯ ಅಂತ ಕಾದೆ."

"ನೀನ್ಯಾಕೆ ಮೇಡಂಗೆ—"

"ಹೇಳಿದ್ರೆ ಯಾರ್ ನಂಬ್ತಿದ್ರು, ಶೈಲಾ?"

ತಪ್ಪಾಯಿತು ಎಂದೆ. ಅವಳು ವ್ಯವಹಾರದ ಮಾತಿನಂತೆ ಹೇಳಿದಳು:

"ಮಗಳು ಮೋಸ ಮಾಡಿ ಸಿಕ್ಕಾಕ್ಕೊಂಡ್ಳು ಅಂತ ತಿಳ್ಕೊಂಡೇ ಅಬ್ಬಾ ಹೋಗ್ಬಿಟ್ರು. ಅಮ್ಮಿ ಇದಾರೆ. ಬರೆದು ಕೊಡು. ನಿನ್ನ ಹೆಸರು ಹಾಕಿ ಬರಿ. ಅವರಿಗೆ ಓದಿ ಹೇಳ್ತೀನಿ."

ಒಳಗೆ ಮಕ್ಕಳು ಕಾಯುತ್ತಿದ್ದರು. ಬಾಗಿಲು ಹಾಕಿಕೊಂಡಳು.

ಬರೆದೆ. ಒಂದು ಪ್ರತಿಯನ್ನು ನಸ್ರೀನ್ ಮನೆಗೆ ಕೊಟ್ಟು ಬಂದೆ. ಇನ್ನೊಂದನ್ನು, ಈಗ ನಿವೃತ್ತರಾಗಿರುವ ಮೇಡಂಗೆ ಕಳಿಸಿದೆ. ಅಮ್ಮಿ ಏನಂದರೋ ತಿಳಿಯದು, ಕೇಳಿಲ್ಲ, ಕೇಳುವುದಿಲ್ಲ. ನಿಮ್ಮ ಕೈಯಲ್ಲಿರುವುದು ಮೂರನೆಯ ಪ್ರತಿ, ಈ ಕೊನೆಯ ಸಾಲುಗಳನ್ನು ಇದಕ್ಕಷ್ಟೇ ಸೇರಿಸಿದ್ದೇನೆ. ನನ್ನ ಹೆಸರು ಶೈಲಜಾ, ಊರು ಕೋಗಿಲು.