ಟ್ಯಾಂಕಿನ ಬೀಗ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಹಾಜರಿ ಬರೆದು ಆಳುಗಳಿಗೆ ಕೆಲಸ ಹಂಚುವವನು. ಬೈಯುವುದೂ ಆ ಕೆಲಸದ ಒಂದು ಭಾಗ ಎಂದೇ ತಿಳಿದುಕೊಂಡವನು. ಬೈದದ್ದಕ್ಕೆಲ್ಲ ನಾಚಿಕೆಪಡುತ್ತಾ ಕೂತರೆ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುವುದಿಲ್ಲ. ಆದರೆ ಒಂದು ಬೆಳಗಿನ ಮಾತು ಮಾತ್ರ ನೆನಪಾದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಕಾಫಿ ಹಣ್ಣಾಗುವ ಕಾಲದಲ್ಲಿ ನಮ್ಮ ತೋಟದ ಹಳೆಯ ಪೆಟ್ರೋಲ್ ಜೀಪು ದಿನಾ ಬೆಳಿಗ್ಗೆ ನೆಲ್ಯಹುದಿಕೇರಿಗೆ ಹೋಗಿ ಕುಯ್ಯುವ ಹೆಂಗಸರನ್ನು ಕರೆತರುತ್ತದೆ. ಅದರ ಡ್ರೈವರ್ ನನಗಿಂತ ಹತ್ತು ವರ್ಷ ದೊಡ್ಡವರು. ಮನೆಮಾತು ಮಲಯಾಳ, ನಮ್ಮೊಡನೆ ಕನ್ನಡ, ಯಾವ ಭಾಷೆಯಲ್ಲೂ ಮಾತು ಕಡಿಮೆ. ಕಳೆದ ವರ್ಷ ಪಿಕ್ಕಿಂಗ್ ಶುರುವಾದ ವಾರವೇ ಜೀಪಿಗೆ ಒಂದು ಕಾಯಿಲೆ ಹಿಡಿಯಿತು. ಓಡುವಾಗ ಏನೂ ತೊಂದರೆ ಇಲ್ಲ. ನಿಲ್ಲಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ನಾಲ್ಕು ಸಲ ಕೆಮ್ಮಿ ಆಫ್ ಆಗುತ್ತಿತ್ತು.

“ರೈಟ್ರೇ, ಒಮ್ಮೆ ಮೆಕ್ಯಾನಿಕ್‌ಗೆ ತೋರಿಸುವ” ಎಂದು ಡ್ರೈವರ್ ಎರಡು ಸಲ ಹೇಳಿದರು. ಪಿಕ್ಕಿಂಗ್ ಮುಗಿಯಲಿ, ಅಲ್ಲಿಯವರೆಗೆ ಕಾಲು ತೆಗೆಯದೆ ಓಡಿಸಿ ಎಂದೆ.

ನಮ್ಮ ಕಡೆ ಬೆಳಗಿನ ಹೊತ್ತು ದಾರಿಯಲ್ಲಿ ಆನೆ ಸಿಗುವುದು ಹೊಸದಲ್ಲ. ಆನೆ ಕಂಡರೆ ಹಾರ್ನ್ ಹೊಡೆಯಬಾರದು, ಎಂಜಿನ್ ಆಫ್ ಮಾಡಬಾರದು. ದೂರದಲ್ಲಿ ನಿಂತು, ಅದು ನಮ್ಮ ಕಡೆ ತಿರುಗಿದರೆ ಹಿಂದಕ್ಕೆ ಬರಲು ತಯಾರಾಗಿರಬೇಕು. ಆ ದಿನ ತಿರುವಿನಲ್ಲಿ ಎರಡು ಆನೆ ಒಂದು ಮರಿ ರಸ್ತೆ ದಾಟುತ್ತಿದ್ದವಂತೆ. ಡ್ರೈವರ್ ನಿಲ್ಲಿಸಿ ರಿವರ್ಸ್ ಹಾಕುವಷ್ಟರಲ್ಲಿ ಜೀಪು ಆಫ್ ಆಯಿತು. ಮೂರು ಸಲ ಕೀ ತಿರುಗಿಸಿದರೂ ಹಿಡಿಯಲಿಲ್ಲ. ಹಿಂದೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಹೆದರಿ ಕೆಳಗೆ ಹಾರಿ ಕಾಲು ಉಳುಕಿಸಿಕೊಂಡಳು. ಆನೆಗಳು ಇವರ ಕಡೆ ತಿರುಗಿಯೂ ನೋಡದೆ ಹೋದದ್ದು ಪುಣ್ಯ.

ಜೀಪನ್ನು ತಳ್ಳಿ ಸ್ಟಾರ್ಟ್ ಮಾಡಿ ಅವರು ತೋಟಕ್ಕೆ ಬಂದಾಗ ಒಂದು ಗಂಟೆ ತಡವಾಗಿತ್ತು. ಹಾಜರಿಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಉಳುಕಿದ ಕಾಲನ್ನು ನೋಡಿದೆ, ಕಥೆ ಕೇಳಿದೆ, ನನಗೆ ತಲೆ ಕೆಟ್ಟುಹೋಯಿತು. ಒಳಗೊಳಗೆ ಹೆದರಿಕೆಯೂ ಇತ್ತು ಎಂದು ಈಗ ಅನಿಸುತ್ತದೆ. ಜೀಪನ್ನು ತೋರಿಸಲು ಬಿಡದವನು ನಾನೇ ತಾನೆ.

“ಟ್ಯಾಂಕಿಗೆ ಎಂತ ಹಾಕಿದ್ದೀಯ?” ಎಂದು ಅಷ್ಟೂ ಜನರ ಮುಂದೆ ಕೇಳಿದೆ. “ಪೆಟ್ರೋಲ್ ತೆಗೆದು ಮಾರ್ಕೊಂಡು ಸೀಮೆಎಣ್ಣೆ ತುಂಬಿಸಿದ್ದೀಯಾ?”

ಹನ್ನೆರಡು ವರ್ಷ ‘ನೀವು’ ಎಂದು ಮಾತಾಡಿಸಿದವರನ್ನು ಆವತ್ತು ‘ನೀನು’ ಎಂದೆ. ಅವರ ಮುಖ ಸಣ್ಣದಾಯಿತು.

“ಟ್ಯಾಂಕಿಗೆ ನಾನು ಎಂತದೂ ಹಾಕ್ಲಿಲ್ಲ ರೈಟ್ರೇ” ಎಂದರು. ಅಷ್ಟೇ.

ಮೆಕ್ಯಾನಿಕ್ ಹೇಳಿಬಿಡಲಿ, ಆಮೇಲೆ ಇವರನ್ನು ಕೆಲಸದಿಂದ ಬಿಡಿಸುತ್ತೇನೆ ಎಂದು ಸಾಲಿನವರಿಗೆಲ್ಲ ಕೇಳುವಂತೆ ಹೇಳಿ, ನಾನೇ ಜೊತೆಗೆ ಸಿದ್ದಾಪುರಕ್ಕೆ ಹೊರಟೆ.

ಮೆಕ್ಯಾನಿಕ್ ಅವಸರದ ಮನುಷ್ಯನಲ್ಲ. ಮೊದಲು ಏರ್ ಫಿಲ್ಟರ್ ಬಿಚ್ಚಿ ಧೂಳು ಊದಿದ, ಏನೂ ಬದಲಾಗಲಿಲ್ಲ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಂಡಿ, ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ಎಂದು ಕಿವಿಗೊಟ್ಟ. ಅಲ್ಲೂ ಇಲ್ಲ. ಪ್ಲಗ್ ಬಿಚ್ಚಿದಾಗ ಅದರ ಮೂತಿ ಕಪ್ಪಗೆ, ಎಣ್ಣೆ ಮೆತ್ತಿಕೊಂಡಂತಿತ್ತು. ಆಗ ಅವನು ಹುಬ್ಬು ಗಂಟಿಕ್ಕಿ ಕಾರ್ಬುರೇಟರ್ ಇಳಿಸಿದ. ಅದರ ತಳದಲ್ಲಿದ್ದದ್ದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನನ್ನ ಮುಂದೆ ಹಿಡಿದ. ಹಸಿರು ಬಣ್ಣದ ಅಂಟು, ಜೊತೆಗೆ ಎರಡು ಹನಿ ನೀರು.

“ಇದು ಸೀಮೆಎಣ್ಣೆ ಅಲ್ಲ ಸಾರ್. ಕಳೆ ಹೊಡೆಯೋ ಮೆಷಿನ್‌ಗೆ ಆಯಿಲ್ ಬೆರೆಸಿಡ್ತಾರಲ್ಲ, ಆ ಪೆಟ್ರೋಲ್. ಅದೂ ಹಳೇದು, ಕೊಳೆತು ಹೋಗಿದೆ. ನಿಂತಾಗ ಎಂಜಿನ್ ಉಸಿರಾಡೋದು ಈ ಸಣ್ಣ ತೂತಲ್ಲಿ. ಕೂದಲು ಹೋಗೋ ಅಷ್ಟೇ ಜಾಗ. ಅದು ಕಟ್ಟಿದೆ. ಓಡುವಾಗ ದೊಡ್ಡ ತೂತು ಉಂಟಲ್ಲ, ಅದಕ್ಕೆ ಗೊತ್ತಾಗ್ಲಿಲ್ಲ. ಇದನ್ನು ಯಾರು ಹಾಕಿದ್ದು?”

ನಾನು ಹಾಕಿದ್ದು.

ಪಿಕ್ಕಿಂಗ್ ಶುರುವಾದ ದಿನ ಗೋಡೌನ್ ಖಾಲಿ ಮಾಡಿಸುವಾಗ, ಹಿಂದಿನ ವರ್ಷದ ಕಳೆ ಮೆಷಿನ್ನಿನ ಪೆಟ್ರೋಲ್ ಅರ್ಧ ಕ್ಯಾನ್ ಮೂಲೆಯಲ್ಲಿ ಸಿಕ್ಕಿತ್ತು. ಒಂದು ಮಳೆಗಾಲ ಪೂರ್ತಿ ಮುಚ್ಚಳ ಸಡಿಲವಾಗಿ ಕೂತಿದ್ದ ಕ್ಯಾನು. ಚೆಲ್ಲಲು ಮನಸ್ಸಾಗದೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಕೈಯಾರೆ ಜೀಪಿನ ಟ್ಯಾಂಕಿಗೆ ಸುರಿದಿದ್ದೆ. ಸುರಿದು ಮರೆತಿದ್ದೆ. ಮರೆತದ್ದನ್ನು ಯಾರಾದರೂ ಕ್ಷಮಿಸಬಹುದು. ಆದರೆ ಆ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿ ನೆನಪಾದ ಮೇಲೂ ನಾನು, “ಯಾರೋ ಆಳುಗಳು ಹಾಕಿರ್ಬೇಕು” ಎಂದೆ. ಡ್ರೈವರ್ ನನ್ನ ಮುಖ ನೋಡಲಿಲ್ಲ. ಬಿಚ್ಚಿಟ್ಟ ಸ್ಕ್ರೂಗಳು ಉರುಳದಂತೆ ಮುಚ್ಚಳದೊಳಗೆ ಜೋಡಿಸುತ್ತಿದ್ದರು.

ವಾಪಸ್ ಬರುವಾಗ ಜೀಪು ಎಲ್ಲಿ ನಿಲ್ಲಿಸಿದರೂ ಆಫ್ ಆಗಲಿಲ್ಲ. ಕೆಲಸ ಬಿಡಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ಅದೇ ದೊಡ್ಡ ಉಪಕಾರ ಎನ್ನುವ ಹಾಗೆ.

ಮರುದಿನ ಡ್ರೈವರ್ ಪೆಟ್ರೋಲ್ ಟ್ಯಾಂಕಿಗೆ ಬೀಗ ಇರುವ ಹೊಸ ಮುಚ್ಚಳ ತಂದು ಹಾಕಿದರು. ಯಾರೂ ಹೇಳಿರಲಿಲ್ಲ. ಅದರ ಎರಡು ಕೀಗಳನ್ನೂ ಆಫೀಸಿಗೆ ತಂದು ನನ್ನ ಮೇಜಿನ ಮೇಲಿಟ್ಟರು.

“ಎರಡೂ ನಿಮ್ಮ ಹತ್ರ ಇರ್ಲಿ ರೈಟ್ರೇ.”

ಒಂದು ಎಂದಿದ್ದರೆ ಎಚ್ಚರಿಕೆ ಎಂದುಕೊಳ್ಳುತ್ತಿದ್ದೆ. ಎರಡೂ ಎಂದಾಗ, ಇನ್ನು ಟ್ಯಾಂಕಿಗೆ ಏನು ಬಿದ್ದರೂ ಹಾಕಿದವನು ನಾನೇ ಆಗಿರಬೇಕು ಎನ್ನುವುದು ಅರ್ಥವಾಯಿತು. ಒಂದು ವಾರ ಹೇಗೋ ತಳ್ಳಿದೆ. ಎಂಟನೇ ದಿನ ಬೆಳಿಗ್ಗೆ, ಅದೇ ಹಾಜರಿ ಸಾಲಿನ ಮುಂದೆ ನಿಂತು, ಆ ಪೆಟ್ರೋಲ್ ಸುರಿದವನು ನಾನು, ಡ್ರೈವರ್ ತಪ್ಪೇನೂ ಇಲ್ಲ ಎಂದು ಹೇಳಿದೆ. ಏನಾದರೂ ಗುಸುಗುಸು ಆಗಬಹುದು ಎಂದು ಕಾದೆ. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ.

ಕಾಲು ಉಳುಕಿಸಿಕೊಂಡಿದ್ದವಳು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾ ಹೇಳಿದಳು. “ನಮಗೆ ಆವತ್ತೇ ಗೊತ್ತಿತ್ತು ರೈಟ್ರೇ. ನೀವು ಸುರಿಯುವಾಗ ನಾವೂ ಡ್ರೈವರೂ ಕಣದಲ್ಲಿ ಕೂತು ಊಟ ಮಾಡ್ತಿದ್ವಲ್ಲ. ನೀವು ಬೈದಾಗ ನಾನು ಹೇಳೋಕೆ ಹೊರಟೆ. ಇವ್ರು ಕಣ್ಣಲ್ಲೇ ಬೇಡ ಅಂದ್ರು. ಆಮೇಲೆ ಕೇಳಿದ್ದಕ್ಕೆ, ಅವರಿಗೇ ನೆನಪಾಗ್ತದೆ, ಅವರೇ ಹೇಳ್ತಾರೆ ಅಂದ್ರು.”

ಅಂದರೆ ಆ ಎಂಟು ದಿನ ಪ್ರತಿ ಬೆಳಿಗ್ಗೆ ನಾನು ಹೆಸರು ಕೂಗುವಾಗ, ಆ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ನನ್ನ ಬಾಯಿಂದ ಇನ್ನೊಂದು ಮಾತು ಬರುತ್ತದೋ ಎಂದು ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನಿಸಿತು.

ಸಂಜೆ ಡ್ರೈವರ್ ಹತ್ತಿರ ಹೋಗಿ, ತಪ್ಪಾಯಿತು ಎಂದು ಹೇಳಿ ಕೀಗಳನ್ನು ಮುಂದೆ ಹಿಡಿದೆ. ಅವರು ಟೈರಿನ ಕೆಸರು ಕೆರೆಯುತ್ತಿದ್ದರು. ಕೋಪವೇನೂ ಇರಲಿಲ್ಲ ಮುಖದಲ್ಲಿ.

“ಆಯ್ತು ರೈಟ್ರೇ, ಅದು ಮುಗೀತು. ಕೀ ಮಾತ್ರ ನಿಮ್ಮ ಹತ್ರವೇ ಇರ್ಲಿ” ಎಂದರು.

ಈಗಲೂ ಪೆಟ್ರೋಲ್ ಹಾಕಿಸಬೇಕಾದ ದಿನ ಅವರು ಆಫೀಸಿನ ಮುಂದೆ ಜೀಪು ತಂದು ನಿಲ್ಲಿಸುತ್ತಾರೆ. ಕರೆಯುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ, ಎಂಜಿನ್ ಆಫ್ ಮಾಡುವುದೂ ಇಲ್ಲ. ನಾನು ಡ್ರಾಯರ್ ತೆರೆದು, ಕೀ ಹುಡುಕಿ, ಮೆಟ್ಟಿಲಿಳಿದು ಬರುವವರೆಗೂ ಜೀಪು ನಿಂತಲ್ಲೇ ಒಂದೇ ಸಮನೆ ಚಾಲೂ ಇರುತ್ತದೆ.