ಲಗ್ನಪತ್ರಿಕೆಯಲ್ಲಿದ್ದ ತಂಗಿ

ಯಲಹಂಕದ ಕಾಲೇಜೊಂದರ ಅಡ್ಮಿಷನ್ ವಿಭಾಗದಲ್ಲಿ ಕುಳಿತು ದಾಕ್ಷಾಯಣಿ ವರ್ಷಗಟ್ಟಲೆ ಒಂದೇ ಮಾತು ಹೇಳಿಕೊಂಡು ಬಂದಿದ್ದಾಳೆ: “ಜೆರಾಕ್ಸ್ ಬ್ಯಾಡ, ಒರಿಜಿನಲ್ ತಗೊಂಡ್ ಬರ್ರಿ.” ಅತ್ತು ಕರೆದರೂ ಜಗ್ಗದ ಹೆಂಗಸು ಎಂದು ಅಲ್ಲಿ ಅವಳಿಗೆ ಹೆಸರು. ಇಂಥವಳು ಮನೆ ಕೊಳ್ಳಲು ಹೊರಟರೆ ಬ್ರೋಕರ್ ಬಾಲರಾಜನ ಗತಿ ಏನಾಗಬೇಡ!

ಗುಳೇದಗುಡ್ಡದಿಂದ ಬಂದ ಮೇಲೆ ಅವಳೂ ಗಂಡ ಸಂಗಪ್ಪನೂ ಏಳು ಬಾಡಿಗೆ ಮನೆ ಬದಲಿಸಿದ್ದರು. ಎಂಟನೆಯದರ ಓನರ್, ಕೆಡವಿ ಹೊಸದು ಕಟ್ಟುತ್ತೇನೆ, ಮೂರು ತಿಂಗಳಲ್ಲಿ ಖಾಲಿ ಮಾಡಿ ಅಂದ. ಇನ್ನು ಬೇರೆಯವರ ಗೋಡೆಗೆ ಮೊಳೆ ಹೊಡೆಯುವುದಿಲ್ಲ ಎಂದು ದಾಕ್ಷಾಯಣಿ ಅಂದೇ ತೀರ್ಮಾನಿಸಿದಳು.

ಪುಟ್ಟೇನಹಳ್ಳಿಯ ಮನೆ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಎರಡು ಕೋಣೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮಾರುವವರು ಆ ಊರಿನ ಹಳೇ ಒಕ್ಕಲು, ಬ್ಯಾಟರಾಯಪ್ಪ ಮತ್ತು ಅವನ ತಮ್ಮ ಮುನಿರಾಜು. ಅಕ್ಷಯ ತೃತೀಯದ ದಿನವೇ ಮುಂಗಡದ ಟೋಕನ್ ಕೊಟ್ಟುಬಿಡಿ ಎಂದು ಬಾಲರಾಜ ದುಂಬಾಲು ಬಿದ್ದ. ಸಂಗಪ್ಪನಿಗಂತೂ ನಕ್ಕು ಮಾತಾಡಿಸಿದವರೆಲ್ಲ ಒಳ್ಳೆಯವರೇ.

“ಛಲೋ ಮಂದಿ ಅದಾರ ಬಿಡು, ಎಳನೀರು ಕೊಟ್ರಲ್ಲ,” ಅಂದ.

“ಎಳನೀರೂ ಕುಡಿಯೂಣು, ಕಾಗದಾನೂ ನೋಡೂಣು,” ಅಂದಳು ದಾಕ್ಷಾಯಣಿ.

ನೋಡಿಯೇ ಬಿಟ್ಟಳು. ಬ್ಯಾಟರಾಯಪ್ಪನ ತೀರಿಹೋದ ಅಪ್ಪ ಜಾಗ ಕೊಂಡಾಗಿನ ಮೂಲಪತ್ರ, ಮೂವತ್ತು ವರ್ಷದ ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ. ಎಲ್ಲದರಲ್ಲೂ ನಂಬರು ಒಂದೇ ಇದೆಯೇ ಎಂದು ಬೆರಳಿಟ್ಟು ಓದಿದಳು, ಟೇಪು ಹಿಡಿದು ಜಾಗವನ್ನೂ ಅಳೆದಳು. ಎಲ್ಲ ಸರಿಯಿತ್ತು. ವಂಶವೃಕ್ಷದಲ್ಲಿ ಅಪ್ಪನ ಹೆಸರಿನ ಕೆಳಗೆ ಇಬ್ಬರೇ ಗಂಡುಮಕ್ಕಳಿದ್ದರು.

ಟೋಕನ್ ಕೊಡುವ ದಿನ ಬ್ಯಾಟರಾಯಪ್ಪನ ಮನೆಯಲ್ಲಿ ಕುಳಿತಾಗ ಟೀವಿ ಪಕ್ಕ ಅವನ ಮಗನ ಲಗ್ನಪತ್ರಿಕೆ ಕಂಡಿತು. ಕೈಗೆ ಸಿಕ್ಕ ಕಾಗದವನ್ನು ಓದದೆ ಬಿಡುವ ಜನ್ಮ ಅವಳದಲ್ಲ. ಬಂಧುಗಳ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಸೋದರತ್ತೆ ಶ್ರೀಮತಿ ಮುನಿಕೆಂಪಮ್ಮ, ಬಾಗಲೂರು.

“ನಿಮಗ ತಂಗಿ ಅದಾರೇನ್ರೀ?”

“ಅವ್ಳೆ ಕಣಮ್ಮ. ಮದ್ವೆ ಮಾಡಿ ಕಳ್ಸಿದೀವಿ. ವರ್ಸ ವರ್ಸ ಗೌರಿ ಅಬ್ಬಕ್ಕೆ ಅರಿಸ್ನ-ಕುಂಕ್ಮ ಕೊಡ್ತೀವಿ. ಎಣ್ಮಕ್ಳಿಗೆ ಇನ್ನೇನು?”

ಬ್ಯಾಟರಾಯಪ್ಪ ಮೋಸ ಮಾಡಲೆಂದು ಹೇಳಿದ್ದಲ್ಲ. ಮದುವೆಗೆ ತಂಗಿಯನ್ನು ಕರೆಯದಿದ್ದರೆ ತಪ್ಪು, ಮನೆ ಮಾರುವಾಗ ಕರೆದರೆ ವಿಚಿತ್ರ. ಅವನು ಕಂಡದ್ದು ಅಷ್ಟೇ. ದಾಕ್ಷಾಯಣಿಗೆ ಮಾತ್ರ ಮೈ ಉರಿಯಿತು.

“ಅವರ ಸಹಿ ಬೇಕು. ಇಲ್ಲಾಂದ್ರ ಒಂದ್ ರೂಪಾಯಿನೂ ಕೊಡಾಂಗಿಲ್ಲ.”

“ಮೇಡಂ, ಬೇರೆ ಪಾರ್ಟಿ ರೆಡಿ ಇದಾರೆ. ಸಂಜೆ ಒಳಗೆ ಹೋಗ್ಬಿಡುತ್ತೆ,” ಅಂದ ಬಾಲರಾಜ.

“ಹೋಗ್ಲಿ. ನಾಳೆ ಇವರ ತಂಗಿ ಕೋರ್ಟಿಗೆ ಹೋದ್ರ ಬೀದಿಗೆ ಬೀಳಾಕಿ ನಾನು, ನೀವಲ್ಲ.”

ನಾನಂತೂ ಓಗಿ ಕೇಳಕಿಲ್ಲ, ಬೇಕಾದ್ರೆ ನೀನೇ ಕೇಳ್ಕೊ ಎಂದು ಬ್ಯಾಟರಾಯಪ್ಪ ಎದ್ದುಹೋದ. ಮನೆ ಕೈತಪ್ಪೀತು ಎಂಬ ಅಳುಕು ದಾಕ್ಷಾಯಣಿಗೂ ಇತ್ತು. ಆದರೂ ಭಾನುವಾರ ಬಾಗಲೂರಿನ ಬಸ್ಸು ಹತ್ತಿದಳು.

ಮುನಿಕೆಂಪಮ್ಮ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಮನೆ ಮಾರುವ ಸುದ್ದಿಯೇ ಆಕೆಗೆ ಗೊತ್ತಿರಲಿಲ್ಲ.

“ನಮ್ಮವ್ವ ಕಣ್ ಮುಚ್ಚಿದ ಮನೆ ಅದು. ನನ್ಗೊಂದ್ ಮಾತು ಏಳ್ಬಾರ್ದಾ?” ಎಂದು ಕಣ್ಣೊರೆಸಿಕೊಂಡಳು.

ಸಮಾಧಾನ ಹೇಳಲು ಹೋದ ದಾಕ್ಷಾಯಣಿ ತನ್ನ ಕಥೆಯನ್ನೇ ಬಾಯಿಬಿಟ್ಟಳು. ಅಪ್ಪ ತೀರಿಕೊಂಡ ವರ್ಷ ಅಣ್ಣಂದಿರು ಸೀರೆ ಉಡಿಸಿ ಒಂದು ಕಾಗದ ಮುಂದಿಟ್ಟಿದ್ದರು. ಕಂಡವರ ಕಾಗದವನ್ನೆಲ್ಲ ಮೂರು ಸಲ ಓದುವವಳು ಅದೊಂದನ್ನು ಓದದೆ ಸಹಿ ಹಾಕಿ ಅಪ್ಪನ ಆಸ್ತಿಯಲ್ಲಿನ ಪಾಲು ಕಳೆದುಕೊಂಡಿದ್ದಳು. ಸಂಗಪ್ಪನಿಗೂ ಅದನ್ನು ಹೇಳಿರಲಿಲ್ಲ, ಅಷ್ಟು ನಾಚಿಕೆ.

“ನೀವು ಓದಿಸಿ ಸಹಿ ಮಾಡ್ರಿ ಅಮ್ಮಾ. ಪಾಲು ಬೇಕಂದ್ರ ಕೇಳ್ರಿ. ನಂಗ ಮನಿ ಬೇಕು, ಖರೆ. ಆದ್ರ ನಿಮ್ಮ ಬಾಯಿ ಮುಚ್ಚಿಸಿ ಬ್ಯಾಡ.”

ಮುನಿಕೆಂಪಮ್ಮ ಪಾಲು ಕೇಳಿದಳು. ನೀನೇ ತಲೆ ಕೆಡಿಸಿದ್ದು ಎಂದು ಬ್ಯಾಟರಾಯಪ್ಪ ಫೋನಿನಲ್ಲಿ ಕೂಗಾಡಿದ. ಆಮೇಲೆ ಆರು ವಾರ ಸದ್ದಿಲ್ಲ. ಆ ಸಹಿಯ ಹಟ ಬಿಟ್ಟುಬಿಡು ಎಂದು ಸಂಗಪ್ಪ ಅಂದಾಗ ಅವಳು ಬಾಡಿಗೆ ಮನೆ ಖಾಲಿ ಮಾಡಲು ಪಾತ್ರೆಗಳನ್ನು ಗಂಟು ಕಟ್ಟಿದಳು. ಬೀದಿಗೆ ಬಿದ್ದರೂ ಸರಿ, ಮಾತು ಬದಲಿಸುವವಳಲ್ಲ. ಬಾಲರಾಜನ ‘ಬೇರೆ ಪಾರ್ಟಿ’ಗೆ ಸಾಲ ಕೊಡುವ ಬ್ಯಾಂಕಿನ ವಕೀಲರೂ ಅದೇ ಸಹಿ ಕೇಳಿದರಂತೆ. ಕೊನೆಗೆ ಬ್ಯಾಟರಾಯಪ್ಪನೇ ಬಾಗಲೂರಿಗೆ ಹೋಗಿ ಪಾಲು ಕೊಡಲು ಒಪ್ಪಿದ. ಮೂರು ಹೆಸರಿನ ಹೊಸ ವಂಶವೃಕ್ಷ ಬಂತು.

ನೋಂದಣಿಯ ದಿನ ಅಧಿಕಾರಿ ಮುನಿಕೆಂಪಮ್ಮನನ್ನು ಕೇಳಿದರು, “ಒಪ್ಪಿಗೆ ಇದೆಯಾಮ್ಮ? ಯಾರಾದ್ರೂ ಬಲವಂತ ಮಾಡಿದ್ರಾ?”

“ಬಲ್ವಂತ ಇಲ್ಲ ಸ್ವಾಮಿ. ನಮ್ಮಣ್ಣ ಮನೆಗಂಟ ಬಂದು ಕೇಳವ್ನೆ.”

ಬ್ಯಾಟರಾಯಪ್ಪ ತಲೆ ತಗ್ಗಿಸಿದ. ದಾಕ್ಷಾಯಣಿಯನ್ನು ಯಾವ ಅಣ್ಣನೂ ಹೀಗೆ ಕೇಳಿರಲಿಲ್ಲ. ಕೊಳ್ಳುವವರು ಇಲ್ಲಿ ಸಹಿ ಮಾಡಿ ಎಂದು ಗುಮಾಸ್ತ ಕ್ರಯಪತ್ರ ಮುಂದಿಟ್ಟ. ಅವಳು ಪೆನ್ನನ್ನು ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲ ಪುಟದಿಂದ ಓದತೊಡಗಿದಳು. ಸರದಿಯಲ್ಲಿದ್ದವರು ಗೊಣಗಿದರು. ಅವಳು ಎರಡನೆಯ ಪುಟ ತಿರುವಿದಳು.